ರಾಜ್ಯಶಾಸ್ತ್ರದ ಬಿಎಗೆ 6 ಲಕ್ಷ ಸಾಲ: ತಮ್ಮನನ್ನು ಸೇರಿಸಬೇಕೇ, ಬೇಡವೇ?

ಮಳವಳ್ಳಿಯ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ಸಲ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಶೇ 91 ಅಂಕ ತೆಗೆದಿದ್ದಾನೆ. ರಾಜ್ಯಶಾಸ್ತ್ರದಲ್ಲೇ ಬಿಎ ಮಾಡುತ್ತೇನೆಂದು ಪಟ್ಟು ಹಿಡಿದಿದ್ದಾನೆ. ವಿಷಯದ ಬಗ್ಗೆ ನನ್ನ ತಕರಾರಿಲ್ಲ, ಕಾಲೇಜಿನ ಬಗ್ಗೆ ಇದೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದವರು ಅವನ ಕಾಲೇಜಿಗೆ ಬಂದು ಮಾತನಾಡಿ ಹೋದ ಮೇಲೆ ಅಲ್ಲಿಗೇ ಸೇರಬೇಕು ಎನ್ನುತ್ತಿದ್ದಾನೆ. ಶುಲ್ಕ, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 2 ಲಕ್ಷ. ಮೂರು ವರ್ಷಕ್ಕೆ 6 ಲಕ್ಷ.

ಅಪ್ಪನಿಗೆ ಎರಡು ಎಕರೆ ಕಬ್ಬು, ಮನೆಗೆ ಆಗುವಷ್ಟು ಭತ್ತ. ನಾನು ಮದ್ದೂರಿನ ಕಡೆ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬ್ಯಾಂಕಿನವರು ಶೈಕ್ಷಣಿಕ ಸಾಲ ಕೊಡುತ್ತೇವೆ, ಬಡ್ಡಿ ಸುಮಾರು ಶೇ 10, ಅಪ್ಪ ಸಹಿ ಹಾಕಬೇಕು ಎಂದಿದ್ದಾರೆ. ಅಮ್ಮನಿಗೆ ಸಾಲ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಸೋದರಮಾವ ಬಂದಾಗಲೆಲ್ಲ "ರಾಜ್ಯಶಾಸ್ತ್ರ ಓದಿ ಯಾರು ಉದ್ಧಾರವಾಗಿದ್ದಾರೆ" ಎಂದು ಹುಡುಗನ ಮುಂದೆಯೇ ಹೇಳುತ್ತಾರೆ, ಅದು ನನಗೆ ನೋವಾಗುತ್ತದೆ.

ಈ ಪದವಿ ಮುಗಿಸಿದವರು ನಿಜವಾಗಿ ಎಷ್ಟು ದುಡಿಯುತ್ತಿದ್ದೀರಿ? ಇಷ್ಟು ಸಾಲ ತೀರುತ್ತದೆಯೇ? ಈ ತಿಂಗಳೊಳಗೆ ಮುಂಗಡ ಕಟ್ಟಬೇಕಂತೆ.

ಸುಭಾಷ್‌ನಗರದ ನಿವೃತ್ತ
ಅಮ್ಮಾ, ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಲೆಕ್ಕ ನೋಡೋಣ.

ವರ್ಷಕ್ಕೆ 2 ಲಕ್ಷದಂತೆ ಮೂರು ಕಂತಿನಲ್ಲಿ ಹಣ ಬಿಡುಗಡೆಯಾಗುತ್ತದೆ. ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಮರುಪಾವತಿ ಇರುವುದಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಸರಳ ಬಡ್ಡಿ. ಶೇ 10ರಂತೆ ಮೊದಲ 2 ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 80,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 40,000. ಒಟ್ಟು 1,80,000. ಕಂತು ಶುರುವಾಗುವ ದಿನ ನಿಮ್ಮ ತಮ್ಮನ ತಲೆಯ ಮೇಲಿರುವುದು 6 ಲಕ್ಷವಲ್ಲ, 7,80,000. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 10,300 ರೂಪಾಯಿ. ಹದಿನೈದು ವರ್ಷಕ್ಕೆ ಹಂಚಿದರೆ ಸುಮಾರು 8,400, ಆದರೆ ಕೊನೆಗೆ ಕಟ್ಟಿದ ಮೊತ್ತ 15 ಲಕ್ಷ ದಾಟುತ್ತದೆ.

ಓದುವಾಗಲೇ ತಿಂಗಳ ಬಡ್ಡಿಯನ್ನು ಕಟ್ಟುತ್ತಾ ಹೋದರೆ ಸಾಲ 6 ಲಕ್ಷದಲ್ಲೇ ನಿಲ್ಲುತ್ತದೆ. ಹಾಗೆ ಕಟ್ಟಿದವರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1ರವರೆಗೆ ರಿಯಾಯಿತಿಯನ್ನೂ ಕೊಡುತ್ತವೆ. ಇದನ್ನು ಶಾಖೆಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಕುವೆಂಪುನಗರ_08
ಇಂಜಿನಿಯರಿಂಗ್‌ಗೆ ಸೇರಿಸಿ, ಎಲ್ಲ ಸರಿಹೋಗುತ್ತದೆ.

ಹೇಮಾವತಿ ನಾಲೆ
ಹುಡುಗ ಕಲಾ ವಿಭಾಗದಲ್ಲಿ ಪಾಸಾಗಿದ್ದಾನೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಭೌತಶಾಸ್ತ್ರ, ಗಣಿತ ಓದದವನು ಇಂಜಿನಿಯರಿಂಗ್ ಸೇರುವುದು ಹೇಗೆ? ಓದಿಕೊಂಡು ಉತ್ತರಿಸಿ.

ಗಂಗೋತ್ರಿಯ ಅತಿಥಿ
ನಾನು ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂಎ ಮಾಡಿದವನು. ಉಪನ್ಯಾಸಕರಾಗಲು ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ, ಕೆಸೆಟ್, ಆಗಿದೆ. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಕೇಳಿದ್ದೀರಿ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

2022ರ ಜನವರಿಯಲ್ಲಿ ಸರ್ಕಾರ ನಮ್ಮ ಗೌರವಧನವನ್ನು ಪರಿಷ್ಕರಿಸಿತು. ಆಗ ಯುಜಿಸಿ ಅರ್ಹತೆ (ನೆಟ್, ಸೆಟ್ ಅಥವಾ ಪಿಎಚ್‌ಡಿ) ಇದ್ದು ಐದು ವರ್ಷಕ್ಕಿಂತ ಹೆಚ್ಚು ಸೇವೆ ಇದ್ದವರಿಗೆ 32,000, ಕಡಿಮೆ ಇದ್ದವರಿಗೆ 30,000 ಎಂದಾಯಿತು. ಅರ್ಹತೆ ಇಲ್ಲದವರಿಗೆ 28,000 ಮತ್ತು 26,000. ಆ ಹಿಂದಿನ ಸ್ಥಿತಿಗೆ ಹೋಲಿಸಿದರೆ ಅದು ದೊಡ್ಡ ಏರಿಕೆಯೇ. ಆದರೆ ವಾರಕ್ಕೆ 15 ಗಂಟೆಯ ಕಾರ್ಯಭಾರ ನಿಗದಿ ಮಾಡಿದ್ದರಿಂದ ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರಿಗೇ ಹೋಯಿತು. ಇನ್ನೊಬ್ಬರು ಮನೆಗೆ ಹೋದರು. ಸೆಮಿಸ್ಟರ್‌ಗಳ ನಡುವೆ ಗೌರವಧನ ನಿಲ್ಲುತ್ತದೆ. ಪ್ರತಿವರ್ಷ ಕೌನ್ಸೆಲಿಂಗ್‌ನಲ್ಲಿ ಯಾವ ಊರು ಸಿಗುತ್ತದೋ ಎಂಬ ಆತಂಕ ಇದ್ದೇ ಇರುತ್ತದೆ.

ನಾನು ಸಾಲ ಮಾಡಲಿಲ್ಲ. ಸರ್ಕಾರಿ ಕಾಲೇಜು, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ವಿದ್ಯಾರ್ಥಿವೇತನದಲ್ಲಿ ಓದು ಮುಗಿಯಿತು. ಅದಕ್ಕೇ ಈ ಸಂಬಳದಲ್ಲಿ ಬದುಕಲು ಆಗುತ್ತಿದೆ. ತಿಂಗಳಿಗೆ 10,300 ಕಂತಿದ್ದಿದ್ದರೆ ಎಂದೋ ಈ ಕೆಲಸ ಬಿಟ್ಟು ಬೇರೆ ಏನಾದರೂ ಹಿಡಿಯಬೇಕಾಗುತ್ತಿತ್ತು. ನಾನು ಪಾಠ ಮಾಡುವುದನ್ನು ಪ್ರೀತಿಸುತ್ತೇನೆ, ಸಾಲವಿದ್ದವನಿಗೆ ಆ ಪ್ರೀತಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಸರಸ್ವತಿಪುರಂ
ಅತಿಥಿ ಉಪನ್ಯಾಸಕರ ಕಥೆಯನ್ನಷ್ಟೇ ಹೇಳಿ ಹುಡುಗನನ್ನು ಹೆದರಿಸಬೇಡಿ ಸರ್. ಕಾಯಂ ಸಹಾಯಕ ಪ್ರಾಧ್ಯಾಪಕರಾದರೆ ಆರಂಭದ ಮೂಲ ವೇತನವೇ 57,700. 2023ರಿಂದ ಪಿಎಚ್‌ಡಿಯೂ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಇದ್ದರೆ ಸಾಕು. ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಬಂದರೆ ಸಂಶೋಧನೆ ಮಾಡುವಾಗಲೇ ತಿಂಗಳಿಗೆ 37,000 ಸಿಗುತ್ತದೆ.

ಗಂಗೋತ್ರಿಯ ಅತಿಥಿ
ಅಂಕಿಗಳೆಲ್ಲ ಸರಿ. ಆದರೆ ಕಾಯಂ ನೇಮಕಾತಿ ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತದೆ ಎಂಬುದನ್ನೂ ಬರೆಯಬೇಕಲ್ಲವೇ? ಬ್ಯಾಂಕಿನ ಕಂತು ಅಧಿಸೂಚನೆಗಾಗಿ ಕಾಯುವುದಿಲ್ಲ.

ಚಾಮುಂಡಿಪುರಂ ಮೇಡಂ
ಯಾರೂ ಕೇಳದ ಒಂದು ಪ್ರಶ್ನೆ ನನ್ನದು. ಆ ಖಾಸಗಿ ವಿಶ್ವವಿದ್ಯಾಲಯದ ಬಿಎ ಮೂರು ವರ್ಷವೋ, ನಾಲ್ಕೋ? ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಮ್ಮಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಖಾಸಗಿಯವರಲ್ಲಿ ಹಲವರು ನಾಲ್ಕು ವರ್ಷವನ್ನೇ ಮುಂದುವರಿಸಿದ್ದಾರೆ. ಪರಿಚಯ ಪುಸ್ತಿಕೆಯನ್ನು ಇನ್ನೊಮ್ಮೆ ನೋಡಿ.

ಮಳವಳ್ಳಿಯ ಅಕ್ಕ
ಮೇಡಂ, ಈಗ ತೆಗೆದು ನೋಡಿದೆ. ನಾಲ್ಕು ವರ್ಷದ ಆನರ್ಸ್ ಎಂದೇ ಇದೆ, ಮೂರು ವರ್ಷಕ್ಕೆ ಹೊರಬರಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಶುಲ್ಕ ಪ್ರತಿವರ್ಷ ಪರಿಷ್ಕರಣೆಗೆ ಒಳಪಟ್ಟಿದೆ ಎಂದೂ ಬರೆದಿದ್ದಾರೆ. ತಮ್ಮನ ಕಾಲೇಜಿಗೆ ಬಂದು ಮಾತನಾಡಿದವರು ಇದ್ಯಾವುದನ್ನೂ ಹೇಳಲಿಲ್ಲ.

ಸುಭಾಷ್‌ನಗರದ ನಿವೃತ್ತ
ನಾಲ್ಕು ವರ್ಷವಾದರೆ ಸಾಲ 8 ಲಕ್ಷವಾಗುತ್ತದೆ, ಆಗ ನಿಯಮವೇ ಬದಲಾಗುತ್ತದೆ. ಸಾಮಾನ್ಯ ಶೈಕ್ಷಣಿಕ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ. ಅದನ್ನು ದಾಟಿದರೆ ಮನೆಯನ್ನೋ ನಿವೇಶನವನ್ನೋ ಠೇವಣಿಯನ್ನೋ ಅಡಮಾನ ಇಡಬೇಕು. ಮೂರನೇ ವರ್ಷ ಮುಗಿಯುವಾಗ "ಇನ್ನೊಂದು ವರ್ಷ ಓದಿದರೆ ಆನರ್ಸ್" ಎಂದು ಹುಡುಗ ಹೇಳಿದರೆ, ಆಗ ಇದ್ದಕ್ಕಿದ್ದಂತೆ ಮನೆಯ ಪತ್ರದ ಮಾತು ಬರುತ್ತದೆ.

ಕಬ್ಬಿನ ಗದ್ದೆ
ಕಂತು ತಪ್ಪಿದರೆ ಜಮೀನು ಹರಾಜು ಹಾಕುತ್ತಾರೆ, ನೋಡಿಕೊಳ್ಳಿ. ನಮ್ಮ ಸಂಬಂಧಿಕರ ಮಗ ಸಾಲ ಮಾಡಿ ಹೊರದೇಶಕ್ಕೆ ಓದಲು ಹೋದ. ಅಲ್ಲಿ ಓದಿಗೆ ತಕ್ಕ ಕೆಲಸ ಸಿಗಲಿಲ್ಲ, ವಾಪಸ್ ಬಂದ. ಈಗ ಅವರ ಅಪ್ಪ ಬ್ಯಾಂಕಿನವರ ಫೋನ್ ಬಂದರೆ ಎತ್ತುವುದಿಲ್ಲ.

ಸುಭಾಷ್‌ನಗರದ ನಿವೃತ್ತ
ಅಣ್ಣಾ, ತಪ್ಪು ಮಾಹಿತಿ ಹರಡಬಾರದು. ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕು ನೇರವಾಗಿ ಬಂದು ಜಮೀನು ಹರಾಜು ಹಾಕಲು ಆಗುವುದಿಲ್ಲ. ನ್ಯಾಯಾಲಯದ ಮೊರೆ ಇಲ್ಲದೆ ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದೇ ಇಲ್ಲ, 31ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ಆದರೆ ಸಾಲ ಸರಿಯಾಗಿ ತೀರಿಸಿದ್ದನ್ನು ತೋರಿಸುವ ಸಿಬಿಲ್ ಅಂಕ ಬೀಳುತ್ತದೆ, ಮಗನದಷ್ಟೇ ಅಲ್ಲ, ಸಹಿ ಹಾಕಿದ ಅಪ್ಪನದೂ. ಮುಂದಿನ ಸಲ ಅವರು ಬೇರೆ ಯಾವ ಸಾಲ ಕೇಳಲು ಹೋದರೂ ಈ ಬಾಕಿ ಎದುರು ಬಂದು ನಿಲ್ಲುತ್ತದೆ. ರೈತನ ಮನೆಗೆ ಇದು ಸಣ್ಣ ಪೆಟ್ಟಲ್ಲ.

ಕಬ್ಬಿನ ಗದ್ದೆ
ಅದೇ ಮಾತು ಸರ್, ಕೊನೆಗೆ ಪೆಟ್ಟು ಅಪ್ಪನಿಗೇ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆಯವರು ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ನನಗೆ ಆ ಬಡ್ಡಿ ಒಂದು ಸಲವೂ ಕೈಗೆ ಬಂದಿಲ್ಲ. ಬರಬೇಕಾದ ಹಣ ತಿಂಗಳುಗಟ್ಟಲೆ ತಡವಾಗುವ ಮನೆಯಲ್ಲಿ ತಿಂಗಳ ಐದನೇ ತಾರೀಖಿಗೆ ಕಂತು ಕಟ್ಟುವುದು ಹೇಗೆ?

ಕೆಆರ್‌ಎಸ್ ಮಟ್ಟ
ಇದಕ್ಕೇ ಮಂಡ್ಯದ ಮಕ್ಕಳು ರಾಜ್ಯಶಾಸ್ತ್ರ ಓದಬೇಕು ಎನ್ನುವುದು. ಕಾವೇರಿ ನೀರಿನ 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಅಡಿ ಹೆಚ್ಚಿಸಿ 284.75 ಮಾಡಿದ್ದು, ಇವೆಲ್ಲ ನಮ್ಮ ನಾಲೆಯ ನೀರಿನ ಪ್ರಶ್ನೆಗಳು. ಸ್ವಾತಂತ್ರ್ಯ ಚಳವಳಿಯಲ್ಲಿ, 1938ರಲ್ಲಿ, ಶಿವಪುರದಲ್ಲಿ ಧ್ವಜ ಹಾರಿಸಿದ ಜಿಲ್ಲೆ ಇದು. ಈ ವಿಷಯ ಓದಿದವರು ನಮ್ಮಲ್ಲಿ ಹೆಚ್ಚಾಗದಿದ್ದರೆ ನಮ್ಮ ಪರವಾಗಿ ಮಾತನಾಡುವವರು ಯಾರು?

ಹೇಮಾವತಿ ನಾಲೆ
ಅಣ್ಣಾ, ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಆ ಅಕ್ಕ ಕೇಳುತ್ತಿರುವುದು ಕಂತಿನ ವಿಷಯ. ಕಾವೇರಿಗೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿಗೆ ನಾನೂ ಬರುತ್ತೇನೆ.

ವಿಜಯನಗರದ ಕೋಣೆ
ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು ನಾನು, ಊರು ಶ್ರೀರಂಗಪಟ್ಟಣ, ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ರಾಜ್ಯಶಾಸ್ತ್ರ ಓದುವವರಲ್ಲಿ ಬಹಳ ಜನರ ಮನಸ್ಸಿನಲ್ಲಿರುವುದು ಕೆಎಎಸ್ ಅಥವಾ ಐಎಎಸ್. ನಿಮ್ಮ ತಮ್ಮನ ಮನಸ್ಸಿನಲ್ಲೂ ಇರಬಹುದು. ಹಾಗಿದ್ದರೆ ಇದನ್ನು ಗಮನವಿಟ್ಟು ಓದಿ.

ಐಎಎಸ್‌ಗೆ ನಡೆಯುವ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕ, ಅಲ್ಲಿ ರಾಜ್ಯಶಾಸ್ತ್ರ ನೇರವಾಗಿ ನೆರವಿಗೆ ಬರುತ್ತದೆ. ಕೆಎಎಸ್‌ನಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ, ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆ. ಸಂವಿಧಾನ, ಆಡಳಿತದ ಭಾಗ ಸುಲಭವಾಗುತ್ತದೆ, ಅಷ್ಟೇ. ಇನ್ನು ಕಾಲದ ವಿಷಯ. 2024ರ ಫೆಬ್ರುವರಿಯಲ್ಲಿ 384 ಹುದ್ದೆಗೆ ಅಧಿಸೂಚನೆ ಬಂತು. ಆಗಸ್ಟ್‌ನ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಂತಿದ್ದವು, ಹೋರಾಟವಾಯಿತು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು. ಆಗಲೂ ಅದೇ ದೂರು. ಕನ್ನಡದಲ್ಲಿ ಬರೆಯುವ ನಮ್ಮಂಥವರ ಆಯುಷ್ಯ ಹೀಗೆ ಕಳೆಯುತ್ತಿದೆ.

ಕೋಣೆ ಬಾಡಿಗೆ, ಮೆಸ್, ತರಬೇತಿ ಶುಲ್ಕ, ಪುಸ್ತಕ. ಇದು ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಕಾಣದ ಸಾಲ. ಪದವಿಗೆ 6 ಲಕ್ಷ ಸಾಲ ಮಾಡಿದವನಿಗೆ ಒಂದು ವರ್ಷದ ನಂತರ ಕಂತು ಶುರುವಾಗುತ್ತದೆ, ಅವನು ಈ ಕೋಣೆಯಲ್ಲಿ ಕುಳಿತು ಓದಲು ಸಾಧ್ಯವೇ ಇಲ್ಲ. ಸಾಲವಿಲ್ಲದ ಪದವಿಯಿಂದ ಸಿಗುವ ದೊಡ್ಡ ಲಾಭ ಇದು, ಎರಡು ವರ್ಷ ಕಾಯುವ ಶಕ್ತಿ.

ನಾಗಮಂಗಲದ ಗ್ರಾಮ ಆಡಳಿತ
ಕಾಯುತ್ತಾ ಕೂರಬೇಕೆಂದೇನೂ ಇಲ್ಲ ತಮ್ಮಾ. ನಾನು ಬಿಎ ರಾಜ್ಯಶಾಸ್ತ್ರ, ಇತಿಹಾಸ ಓದಿದವಳು. ದೊಡ್ಡ ಪರೀಕ್ಷೆಗೆ ಓದುತ್ತಲೇ ಸಿಕ್ಕ ಸಣ್ಣ ಹುದ್ದೆಯನ್ನು ಹಿಡಿದೆ. ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪಿಯುಸಿ ಸಾಕು, 2024ರಲ್ಲಿ 1,000 ಹುದ್ದೆ ಕರೆದಿದ್ದರು. ಏಳನೇ ವೇತನ ಆಯೋಗದ ನಂತರ, ಅಂದರೆ 2024ರ ಆಗಸ್ಟ್‌ನಿಂದ, ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 27,000. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ 34,100ರಿಂದ ಶುರು, ಭತ್ಯೆಗಳು ಬೇರೆ. ಇವುಗಳಲ್ಲಿ ಯಾವುದಕ್ಕೂ "ಯಾವ ವಿಶ್ವವಿದ್ಯಾಲಯದಲ್ಲಿ ಓದಿದೆ" ಎಂದು ಯಾರೂ ಕೇಳುವುದಿಲ್ಲ. ಮಂಡ್ಯದ ಪದವಿಗೂ ಬೆಂಗಳೂರಿನ ದುಬಾರಿ ಪದವಿಗೂ ಇಲ್ಲಿ ಒಂದೇ ಬೆಲೆ.

ಜಯಲಕ್ಷ್ಮೀಪುರಂ
ಎಲ್ಲರೂ ಸರ್ಕಾರಿ ಕೆಲಸದ ಬಗ್ಗೆಯೇ ಮಾತನಾಡುತ್ತಿದ್ದೀರಿ, ನನಗೆ ಒಪ್ಪಿಗೆಯಿಲ್ಲ. ನಾನು ಖಾಸಗಿ ವಿಶ್ವವಿದ್ಯಾಲಯದಲ್ಲೇ ಸಾಲ ಮಾಡಿ ರಾಜ್ಯಶಾಸ್ತ್ರ ಓದಿದೆ, ಇಂದು ನೀತಿ ಸಂಶೋಧನೆಯ ಸಂಸ್ಥೆಯೊಂದರಲ್ಲಿದ್ದೇನೆ. ಸಾಲ ಮುಕ್ಕಾಲು ಭಾಗ ತೀರಿದೆ. ಅಲ್ಲಿ ನನಗೆ ಸಂಖ್ಯಾಶಾಸ್ತ್ರ ಕಲಿಸಿದರು, ಸಮೀಕ್ಷೆಯ ಪ್ರಶ್ನಾವಳಿ ಮಾಡಲು ಕಲಿಸಿದರು, ಇಂಗ್ಲಿಷಿನಲ್ಲಿ ಇಪ್ಪತ್ತು ಪುಟದ ವರದಿ ಬರೆಯಲು ಕಲಿಸಿದರು. ಮೈಸೂರಿನಲ್ಲಿ ನನ್ನ ಜತೆ ಪಿಯುಸಿ ಓದಿದ ಗೆಳತಿಯರಿಗೆ ನೋಟ್ಸ್ ಬಾಯಿಪಾಠ ಮಾಡುವುದೇ ಮೂರು ವರ್ಷದ ಓದಾಯಿತು. ಹಳ್ಳಿಯ ಹುಡುಗ ಒಳ್ಳೆಯ ಕಡೆ ಓದಬಾರದು ಎಂದು ಎಲ್ಲರೂ ಸೇರಿ ತೀರ್ಮಾನಿಸುವುದು ನ್ಯಾಯವಲ್ಲ.

ಚಾಮುಂಡಿಪುರಂ ಮೇಡಂ
ತಂಗಿ, ನೀವು ದುಡಿದು ತೀರಿಸುತ್ತಿರುವುದು ನಿಜಕ್ಕೂ ಸಂತೋಷ. ಕೇಳುತ್ತಿದ್ದೇನೆಂದು ಬೇಸರ ಬೇಡ, ಆ ಸಾಲಕ್ಕೆ ಮನೆಯವರ ಕೈ ಸೇರಿತ್ತೇ?

ಜಯಲಕ್ಷ್ಮೀಪುರಂ
ಹೌದು ಮೇಡಂ. ಅಪ್ಪ ಸರ್ಕಾರಿ ನೌಕರರು. ಓದುವಾಗ ಬಡ್ಡಿಯನ್ನು ಅವರೇ ಕಟ್ಟಿದರು, ಮೊದಲ ಎರಡು ವರ್ಷ ಸಂಬಳ ಕಡಿಮೆಯಿದ್ದಾಗ ಕಂತಿನ ಅರ್ಧವನ್ನೂ ಕೊಟ್ಟರು. ಆ ಆಸರೆ ಇಲ್ಲದಿದ್ದರೆ ಕಷ್ಟವಾಗುತ್ತಿತ್ತು ಎಂಬುದು ನಿಜ. ಆದರೆ ನಾನು ಹೇಳಿದ ಕೌಶಲಗಳ ವಿಷಯ ಸುಳ್ಳಲ್ಲ. ಸರ್ಕಾರಿ ಕಾಲೇಜಿಗೆ ಸೇರಿದರೂ ಅವುಗಳನ್ನು ಬೇರೆ ದಾರಿಯಿಂದ ಕಲಿಯಲೇಬೇಕು.

ಮಹಾರಾಜ ಕಾಲೇಜು ಹುಡುಗ
ಅಕ್ಕಾ, ನಾನು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿಎ ಓದುತ್ತಿದ್ದೇನೆ. ವರ್ಷದ ಶುಲ್ಕ ನೀವು ಹೇಳಿದ 2 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ, ಸಾವಿರಗಳಲ್ಲಿ ಮುಗಿಯುತ್ತದೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ, ಪದವಿಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ, ವಸತಿಗೆ ಹಣ ಸಿಗುತ್ತದೆ. ಕೋಣೆ ಬಾಡಿಗೆಯ ದೊಡ್ಡ ಭಾಗ ಅದರಲ್ಲೇ ಹೋಗುತ್ತದೆ. ಪಾಠದ ಗುಣಮಟ್ಟ ಮೇಷ್ಟ್ರ ಮೇಲೆ. ಒಬ್ಬರು ರಾಜಕೀಯ ಚಿಂತನೆಯ ಪಾಠ ಮಾಡಿದರೆ ಗಂಟೆ ಹೊಡೆದದ್ದು ತಿಳಿಯುವುದಿಲ್ಲ. ಇನ್ನು ಕೆಲವು ವಿಷಯಕ್ಕೆ ಅರ್ಧ ಸೆಮಿಸ್ಟರ್ ಕಳೆದ ಮೇಲೆ ಅತಿಥಿ ಉಪನ್ಯಾಸಕರು ಬರುತ್ತಾರೆ.

ಪಾಂಡವಪುರ ಪಿಯು
ಮಂಡ್ಯದಲ್ಲೇ ಓದಬಹುದಲ್ಲ? ಅಥವಾ ಮಂಡ್ಯ ವಿಶ್ವವಿದ್ಯಾಲಯ ಮುಚ್ಚುತ್ತದೆಯೇ? 2025ರಲ್ಲಿ ಆ ಸುದ್ದಿ ಬಂದಿತ್ತು.

ಗಂಗೋತ್ರಿಯ ಅತಿಥಿ
ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳೊಂದಿಗೆ ಸೇರಿಸುವ ಮಾತು ಎದ್ದದ್ದು ನಿಜ. ಆದರೆ ಆ ಕಾಲೇಜು ವಿಶ್ವವಿದ್ಯಾಲಯವಾಗುವುದಕ್ಕೆ ಮೊದಲೂ ಸರ್ಕಾರಿ ಮಹಾವಿದ್ಯಾಲಯವಾಗಿ ಪದವಿ ಪಾಠ ನಡೆಸುತ್ತಿತ್ತು. ವಿದ್ಯಾರ್ಥಿಯ ಪದವಿಗೆ ಧಕ್ಕೆಯಿಲ್ಲ.

ದೆಹಲಿ ಕನ್ನಡಿಗ
ಶೇ 91 ತೆಗೆದ ಹುಡುಗ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆಯಲಿಲ್ಲವೇ? 2022ರಿಂದ ದೆಹಲಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಆ ಪರೀಕ್ಷೆಯಿಂದಲೇ, ಕನ್ನಡದಲ್ಲೂ ಬರೆಯಬಹುದು. ಅಲ್ಲಿನ ಕಾಲೇಜುಗಳ ಶುಲ್ಕ ಖಾಸಗಿಯವರ ಶುಲ್ಕದ ಸಣ್ಣ ಪಾಲು. ಈ ವರ್ಷ ತಪ್ಪಿದ್ದರೆ ಎಂಎಗಾದರೂ ಯೋಚಿಸಲಿ.

ಆ ತಮ್ಮ
ನಾನೇ ಆ ತಮ್ಮ. ಅಕ್ಕ ಇದನ್ನೆಲ್ಲ ಓದಲು ಕೊಟ್ಟಳು. ಸಿಯುಇಟಿ ಎಂಬ ಪರೀಕ್ಷೆಯ ಬಗ್ಗೆ ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ ಸರ್.

ನಾನು ಬೆಂಗಳೂರಿನ ಆ ಕಾಲೇಜನ್ನು ಕೇಳಿದ್ದು ಕಟ್ಟಡ ನೋಡಿ ಅಲ್ಲ. ಅವರು ವಿದ್ಯಾರ್ಥಿಗಳನ್ನು ಗ್ರಾಮ ಪಂಚಾಯಿತಿಗಳಿಗೆ ಅಧ್ಯಯನಕ್ಕೆ ಕಳುಹಿಸುತ್ತೇವೆ ಎಂದರು. ನನಗೆ ಬೇಕಿರುವುದು ಅದು. ನಮ್ಮ ಊರಿನ ಗ್ರಾಮಸಭೆಗೆ ಹೋದಾಗಲೆಲ್ಲ ಜನರಿಗೆ ತಮ್ಮ ಹಕ್ಕು ಏನೆಂದೇ ಗೊತ್ತಿಲ್ಲದಿರುವುದನ್ನು ನೋಡುತ್ತೇನೆ. ಅದನ್ನು ಕಲಿತು, ಅದೇ ಕೆಲಸ ಮಾಡಬೇಕು. ಅಪ್ಪನಿಗೆ ಹೊರೆಯಾಗುವುದು ನನಗೂ ಇಷ್ಟವಿಲ್ಲ. ಆದರೆ ಈ ವಿಷಯವನ್ನೇ ಬಿಡು ಎಂದರೆ ಬಿಡಲಾರೆ.

ಲಲಿತಮಹಲ್ ರಸ್ತೆ
ತಮ್ಮಾ, ನೀನು ಹುಡುಕುತ್ತಿರುವುದು ಮೈಸೂರಿನಲ್ಲೇ ಇದೆ. ಗ್ರಾಮ ಪಂಚಾಯಿತಿ ಸದಸ್ಯರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಸಂಸ್ಥೆ ಇಲ್ಲಿದೆ, ಆಡಳಿತ ತರಬೇತಿ ಸಂಸ್ಥೆಯೂ ಇಲ್ಲಿಯೇ. ನಾನು ಪಂಚಾಯತ್ ರಾಜ್ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡಿದ್ದೇನೆ. 1983ರ ಪಂಚಾಯಿತಿ ಕಾಯ್ದೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ 25 ಮೀಸಲಾತಿ ತಂದಿತು, ದೇಶದ ಎಲ್ಲ ಪಂಚಾಯಿತಿಗಳಿಗೆ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಬಹಳ ಮೊದಲು. ಅದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಮಳವಳ್ಳಿ ತಾಲ್ಲೂಕಿನ ಪಂಚಾಯಿತಿಯಲ್ಲಿ ಕುಳಿತು ನೋಡಿದರೆ ಹೆಚ್ಚು ಕಲಿಯುತ್ತೀಯೆ. ಈ ಕ್ಷೇತ್ರದಲ್ಲಿ ಆರಂಭದ ಸಂಬಳ ದೊಡ್ಡದಲ್ಲ ಎಂಬುದನ್ನೂ ತಿಳಿದಿರು. ಸ್ವಯಂಸೇವಾ ಸಂಸ್ಥೆಗಳಲ್ಲಿ ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಇಂಥ ಕೆಲಸವನ್ನು ಆಯ್ದುಕೊಳ್ಳುವವನ ಹೆಗಲ ಮೇಲೆ ಕಂತು ಇರಲೇಬಾರದು.

ಕುವೆಂಪುನಗರ_08
ಕಾನೂನು ಓದಿಸಬಹುದಲ್ಲವೇ?

ಅಶೋಕಪುರಂ ವಕೀಲ
ಓದಬಹುದು. ಬಿಎ ಆದ ಮೇಲೆ ಮೂರು ವರ್ಷದ ಎಲ್ಎಲ್‌ಬಿ, ಅದಕ್ಕೆ ರಾಜ್ಯಶಾಸ್ತ್ರ ಒಳ್ಳೆಯ ತಳಹದಿ. ಆದರೆ ಕಿರಿಯ ವಕೀಲರಾಗಿ ಮೊದಲ ಕೆಲವು ವರ್ಷ ಕೈಗೆ ಬರುವುದು ಬಸ್ ಖರ್ಚಿಗೂ ಕಾಫಿಗೂ ಸರಿಹೋಗುತ್ತದೆ. ಅಲ್ಲಿಗೂ ಸಾಲ ಹೊತ್ತು ಬರಬೇಡಿ.

ಸುಭಾಷ್‌ನಗರದ ನಿವೃತ್ತ
ಹುಡುಗನ ಮಾತು ಓದಿ ಮನಸ್ಸು ತುಂಬಿತು. ಒಂದು ವೇಳೆ ಸಾಲ ಮಾಡುವುದೇ ಆದರೆ ಕೇಂದ್ರ ಸರ್ಕಾರದ ಶೈಕ್ಷಣಿಕ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿ ಆ ಸಂಸ್ಥೆ ಇದೆಯೇ ಎಂದು ನೋಡಿ. ಪಟ್ಟಿಯಲ್ಲಿರುವ ಸಂಸ್ಥೆಯಾದರೆ ಅಡಮಾನವೂ ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರು 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3 ಬಡ್ಡಿ ನೆರವಿಗೆ ಅರ್ಜಿ ಹಾಕಬಹುದು. ಹಳೆಯ ಪೂರ್ಣ ಬಡ್ಡಿ ಸಹಾಯಧನ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾತ್ರ, ಬಿಎಗೆ ಸಿಗುವುದಿಲ್ಲ. ಯಾರಾದರೂ "ಬಡ್ಡಿ ಸರ್ಕಾರವೇ ಕಟ್ಟುತ್ತದೆ" ಎಂದರೆ ನಂಬಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಬಿಎಗೆ ಸಾಲ ಬೇಡ. ಮುಂದೆ ಒಳ್ಳೆಯ ಕಡೆ ಎಂಎಗೆ ಸೀಟು ಸಿಕ್ಕು, ಆಗ ಹಣ ಕಡಿಮೆ ಬಿದ್ದರೆ ಸಣ್ಣ ಸಾಲ ಮಾಡಲಿ.

ಮಳವಳ್ಳಿಯ ಅಕ್ಕ
ಎಲ್ಲರಿಗೂ ಕೈಮುಗಿಯುತ್ತೇನೆ. ರಾತ್ರಿ ಮನೆಯಲ್ಲಿ ಎಲ್ಲರೂ ಕುಳಿತು ಮಾತನಾಡಿದೆವು. ಮಹಾರಾಜ ಕಾಲೇಜು ಮತ್ತು ಮಂಡ್ಯ ಎರಡಕ್ಕೂ ಅರ್ಜಿ ಹಾಕುತ್ತಿದ್ದೇವೆ. ಅಪ್ಪ ಕಾಲೇಜಿನ ಮುಂಗಡಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಅವನಿಗೆ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಎಂದರು. ಇಂಗ್ಲಿಷ್ ಬರವಣಿಗೆ, ಸಂಖ್ಯಾಶಾಸ್ತ್ರ ಕಲಿಯುವ ದಾರಿ ಹೇಳಿಕೊಡುತ್ತೇನೆಂದು ಜಯಲಕ್ಷ್ಮೀಪುರಂ ಅವರು ಸಂದೇಶ ಕಳುಹಿಸಿದ್ದಾರೆ, ನಿಮಗೆ ವಿಶೇಷ ಧನ್ಯವಾದ. ಇನ್ನೊಂದು ಪ್ರಶ್ನೆ: ರೈತ ವಿದ್ಯಾನಿಧಿಗೆ ಬೇರೆ ಅರ್ಜಿ ಇದೆಯೇ? ಜಮೀನು ಇನ್ನೂ ತಾತನ ಹೆಸರಿನಲ್ಲಿದೆ.

ನಾಗಮಂಗಲದ ಗ್ರಾಮ ಆಡಳಿತ
ತಾತ ತೀರಿಕೊಂಡಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ಅಪ್ಪನ ಹೆಸರಿಗೆ ಪಹಣಿ ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಸರ್ಕಾರದ ರೈತರ ದಾಖಲೆಯಾದ ಫ್ರೂಟ್ಸ್‌ನಲ್ಲಿ ನೋಂದಣಿ ಮಾಡಿಸಿದರೆ ರೈತನ ಗುರುತಿನ ಎಫ್‌ಐಡಿ ಸಂಖ್ಯೆ ಸಿಗುತ್ತದೆ, ವಿದ್ಯಾನಿಧಿಗೆ ಅದೇ ಆಧಾರ. ಉಳಿದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್. ಅದಕ್ಕೆ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಈಗಲೇ ತೆಗೆದಿಟ್ಟುಕೊಳ್ಳಿ, ತಮ್ಮನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಪ್ರವೇಶದ ಸಮಯಕ್ಕೆ ಜನ ಜಾಸ್ತಿ ಇರುತ್ತಾರೆ, ಸೋಮವಾರವೇ ಹೋಗಿ.